ಬಟ್ಟೆಗೆ ಗಾಳಿಕಿಂಡಿ

ಫ್ಲೆಕ್ಸ್ ನಿಷೇಧವಾದಾಗ ಕಾಡುಗೋಡಿಯ ನಮ್ಮ ಬ್ಯಾನರ್ ಪ್ರಿಂಟಿಂಗ್ ಅಂಗಡಿಯಲ್ಲಿ ಎಲ್ಲರದೂ ಹರಳೆಣ್ಣೆ ಕುಡಿದ ಮುಖ, ನನ್ನದೊಂದನ್ನು ಬಿಟ್ಟು. ಓನರ್ ಆಗಲೇ ಮೆಷಿನ್ ಮಾರಲು ಗಿರಾಕಿ ಹುಡುಕುತ್ತಿದ್ದರು. ಐಟಿ ಪಾರ್ಕಿನ ಒಂದು ಕಂಪನಿ ಮಾತ್ರ ರಾಜ್ಯೋತ್ಸವಕ್ಕೆ ಬಟ್ಟೆಯ ಬ್ಯಾನರ್ ಕೇಳಿತ್ತು. ಅದು ಚೆನ್ನಾಗಿ ಬಂದರೆ ಅಂಗಡಿ, ಇಲ್ಲದಿದ್ದರೆ ಬೀಗ ಎಂದು ಅವರು ಹೇಳಿಬಿಟ್ಟಿದ್ದರು. ಬೀಗ ಬಿದ್ದರೆ ನನ್ನ ಕೆಲಸಕ್ಕೂ ಕಲ್ಲು. ಆದರೂ ನನಗೆ ಒಳಗೊಳಗೇ ಖುಷಿ. ಫ್ಲೆಕ್ಸಿನ ಅಂಚಿಗೆ ಅಂಟು ಬಳಿಯುವ ಹೆಲ್ಪರ್ ಆಗುವ ಮೊದಲು ನಾನು ಪೀಣ್ಯದ ಗಾರ್ಮೆಂಟ್ಸಿನಲ್ಲಿ ಎಂಟು ವರ್ಷ ಹೊಲಿದವಳು. ಬಟ್ಟೆ ಬರುತ್ತದೆಂದರೆ ತವರಿನವರು ಬಂದಷ್ಟು ಸಂಭ್ರಮ.

ರೋಲು ಬಂದ ದಿನ ಮುಟ್ಟಿ ಮುಟ್ಟಿ ನೋಡಿದೆ. ಫ್ಲೆಕ್ಸಿನ ತಲೆನೋವಿನ ವಾಸನೆ ಇಲ್ಲ, ಗಂಜಿ ಹಾಕಿದ ಸೀರೆಯ ಹಾಗೆ ಗರಿಗರಿ. ಆದರೆ ಅಗಲ ಐದೇ ಅಡಿ. ಪ್ರಿಂಟಾದ ಮೂರು ಪಟ್ಟಿಗಳನ್ನು ಜೋಡಿಸಬೇಕು. ಆಪರೇಟರ್ ಎಂದಿನಂತೆ ಅಂಟಿನ ಡಬ್ಬ ತಂದಿಟ್ಟ.

"ಅಣ್ಣ, ಇದು ಬಟ್ಟೆ. ಅಂಟು ಹಚ್ಚಿದ್ರೆ ಹೀರ್ಕೊಂಡು ಮುಂದ್ಗಡೆ ಕಲೆ ಬರುತ್ತೆ," ಎಂದೆ.

"ಹತ್ತು ವರ್ಷದಿಂದ ಇದ್ರಲ್ಲೇ ಜಾಯಿಂಟ್ ಹಾಕ್ತಿರೋದು ಕಣಮ್ಮ."

"ಹತ್ತು ವರ್ಷ ಹಾಕಿದ್ದು ಪ್ಲಾಸ್ಟಿಕ್ಕಿಗೆ."

ಡಬ್ಬದ ಮುಚ್ಚಳ ಮುಚ್ಚಿ, ಮನೆಯಿಂದ ನನ್ನ ಹೊಲಿಗೆ ಮೆಷಿನನ್ನು ಆಟೋದಲ್ಲಿ ತಂದೆ. ಅಂಚಿನೊಳಗೆ ಅಂಚು ಮಡಿಸಿ ಎರಡೆರಡು ಹೊಲಿಗೆ ಹಾಕಿದೆ. ಆ ದಿನ ಊಟದ ನೆನಪೇ ಆಗಲಿಲ್ಲ.

ಪಟ್ಟಂದೂರು ಅಗ್ರಹಾರದ ಆ ಕಂಪನಿಯ ಕಟ್ಟಡಕ್ಕೆ ಓನರ್ ಜೊತೆ ನಾನೂ ಹೋದೆ. ರಾಯಚೂರು ಕಡೆಯ ಫಿಟ್ಟರ್ ಬೊಂಬು ಕಟ್ಟಿದ ಸಾರ್ವೆ ಹತ್ತಿ, ಕಬ್ಬಿಣದ ಚೌಕಟ್ಟಿಗೆ ಬ್ಯಾನರ್ ಬಿಗಿದ. ಬಿಸಿಲಿಗೆ ಹಳದಿ ಕೆಂಪು ಎಷ್ಟು ಚೆನ್ನಾಗಿ ಕಂಡಿತೆಂದರೆ ನನಗೆ ಸಿಳ್ಳೆ ಹಾಕುವ ಮನಸ್ಸಾಯಿತು. ಅಷ್ಟರಲ್ಲಿ ಅವನು ಜೇಬಿನಿಂದ ಬ್ಲೇಡ್ ತೆಗೆದು, ಬಟ್ಟೆಯ ನಡುವೆ ಅರ್ಧಚಂದ್ರದ ಆಕಾರದಲ್ಲಿ ಕೊಯ್ದೇಬಿಟ್ಟ. ಗಾಳಿಯ ಹೊಡೆತಕ್ಕೆ ಹರಿಯದಿರಲೆಂದು ದೊಡ್ಡ ಫ್ಲೆಕ್ಸುಗಳಿಗೆ ಹಾಗೆ ಕಿಂಡಿ ಕೊಯ್ಯುವುದು ರೂಢಿ.

"ಯಾಕಣ್ಣ ಕೊಯ್ದೆ?" ಎಂದು ಕಿರುಚಿದೆ.

"ಗಾಳಿ ಹೋಗಾಕ ತೂತು ಬೇಕಲ್ರೀ ಅಕ್ಕಾ."

"ಬಟ್ಟೆ ತುಂಬಾ ತೂತೇ ಕಣಣ್ಣ. ನೀನೊಂದು ಮಾಡೋದು ಬೇಕಿರಲಿಲ್ಲ."

ಒಂದು ಬೀಸು ಗಾಳಿಗೆ ಆ ಕೊಯ್ತ ಗೇಣುದ್ದವಾಯಿತು. ಓನರ್ ಅಲ್ಲೇ ಫುಟ್‌ಪಾತಿನ ಮೇಲೆ ಕುಳಿತುಬಿಟ್ಟರು. ನಾನು ದುಪಟ್ಟಾ ಸೊಂಟಕ್ಕೆ ಕಟ್ಟಿ, ಚೀಲದಲ್ಲಿದ್ದ ಸೂಜಿದಾರವನ್ನೂ ಉಳಿದಿದ್ದ ಒಂದು ತುಂಡು ಬಟ್ಟೆಯನ್ನೂ ಹಿಡಿದು ಸಾರ್ವೆ ಹತ್ತಿದೆ. ಹೆದರಿಕೆಯಾಗಲಿಲ್ಲ ಎಂದರೆ ಸುಳ್ಳು. ಆದರೆ ಹೆದರಿಕೆಗಿಂತ ಹುರುಪು ದೊಡ್ಡದಿತ್ತು. ಫಿಟ್ಟರ್ ಪಾಪ ತಪ್ಪಿತಸ್ಥನಂತೆ ಬಟ್ಟೆಯನ್ನು ಬಿಗಿಯಾಗಿ ಹಿಡಿದ. ಹಿಂದಿನಿಂದ ತೇಪೆ ಹಚ್ಚಿ ಒತ್ತೊತ್ತಾಗಿ ಹೊಲಿದೆ. ಕೆಳಗಿಳಿಯುವ ಹೊತ್ತಿಗೆ ಮತ್ತೆ ಗಾಳಿ ಬಂತು. ಬ್ಯಾನರ್ ಹೊಟ್ಟೆ ಉಬ್ಬಿಸಿ, ಮೆಲ್ಲಗೆ ಇಳಿಸಿತು. ಒಂದು ಹೊಲಿಗೆಯೂ ಬಿಡಲಿಲ್ಲ.

ಓನರ್ ಎದ್ದು, ಮೆಷಿನ್ ಕೇಳಿದ್ದ ಗಿರಾಕಿಗೆ ಫೋನ್ ಮಾಡಿ "ಇಲ್ಲ ಗುರು, ಮಾರಲ್ಲ" ಎಂದರು. ಆಮೇಲೆ ನನ್ನತ್ತ ತಿರುಗಿದರು. "ಗಾರ್ಮೆಂಟ್ಸಲ್ಲಿ ನಿನ್ ಜೊತೆ ಇದ್ದೋರು ಇನ್ನಿಬ್ರು ಬರ್ತಾರಾ ಕೇಳಮ್ಮ."

"ಕೇಳ್ತೀನಿ ಸಾರ್. ಆದ್ರೆ ಅವರಿಗೆ ಕೆಲಸ ಹೇಳೋಳು ನಾನು."

"ಇನ್ಯಾರು ಮತ್ತೆ, ನಾನಾ?" ಎಂದರು ಓನರ್.