ನಾಲ್ಕನೆಯವರು

ಜಡೆ ಎಂಬ ಊರಿನಿಂದ ಬಂದು ಶಿಕಾರಿಪುರದ ಕೇರಿಯೊಂದರಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ ಸದಾಶಿವಪ್ಪನಿಗೆ ದೇವರ ಮೇಲೆ ನಂಬಿಕೆ ಅಷ್ಟಕ್ಕಷ್ಟೆ. ಗಿರಾಕಿಗಳ ಬುದ್ಧಿಯ ಮೇಲಂತೂ ಎಳ್ಳಷ್ಟೂ ಇರಲಿಲ್ಲ. ಇರುವುದಾದರೂ ಹೇಗೆ? ಮೂವರು ನಿಂತು ಫೋಟೋ ತೆಗೆಸಿಕೊಂಡರೆ ನಡುವೆ ನಿಂತವರು ವರ್ಷದೊಳಗೆ ಶಿವನ ಪಾದ ಸೇರುತ್ತಾರೆಂದು ಇಡೀ ಕೇರಿ ನಂಬಿತ್ತು. ಎಸ್ಸೆಸ್ಸೆಲ್ಸಿ ಪಾಸಾದವರು, ಫೇಲಾದವರು, ಈ ವಿಷಯದಲ್ಲಿ ಎಲ್ಲರೂ ಒಂದೇ.

ಹಾಗಾಗಿ ಗಂಡ, ಹೆಂಡತಿ, ಒಂದು ಮಗು ಬಂದರೆ ಅವನು ವಾದಕ್ಕಿಳಿಯದೆ ಬಾಗಿಲಿಗೆ ಹೋಗಿ ಕೂಗುತ್ತಿದ್ದ: “ಯಾರಾರ ಒಬ್ರು ಬರ್ರೀ! ಜೀವ ಉಳಿಸೋದೈತಿ!” ಕೈ ಖಾಲಿ ಇದ್ದವರು ಬಂದು, ಸ್ಟುಡಿಯೋದ ಕರಿ ಕೋಟು ಏರಿಸಿ, ನಾಲ್ಕನೆಯವರಾಗಿ ನಿಲ್ಲುತ್ತಿದ್ದರು. ಇಸ್ತ್ರಿ ಅಂಗಡಿಯ ಉಚ್ಚಂಗಪ್ಪ ಹನ್ನೊಂದು ಮನೆಗಳ ಆಲ್ಬಮ್ಮಿನಲ್ಲಿದ್ದ. ಹೆಣ್ಣು ನೋಡಲು ಬಂದವರು “ಇವ್ರು ಹುಡುಗಿ ದೊಡ್ಡಪ್ಪಾರಾ?” ಎಂದು ಕೇಳುವುದು, ಮನೆಯವರು “ಹಂಗೇ ಅನ್ಕೊಳ್ರಿ” ಎನ್ನುವುದು ಮಾಮೂಲಾಗಿತ್ತು. ಫೋಟೋ ನೋಡುವ ನೆಪದಲ್ಲಿ ನಾಲ್ಕನೆಯವರು ಆ ಮನೆಗೆ ಹೋಗುವರು, ಚಹಾ ಕುಡಿಯುವರು, ಮುಂದೆ ಮದುವೆ ಕರೆಯೂ ಬರುವುದು. ಯಾವ ಭಾಷಣವೂ ಕೂಡಿಸಲಾಗದ ಮನೆಗಳನ್ನು ಒಂದು ಹುಚ್ಚು ಭಯ ಕೂಡಿಸಿಬಿಟ್ಟಿತ್ತು.

ಎರಡು ಮನೆ ಮಾತ್ರ ಕೂಡಿರಲಿಲ್ಲ: ಲೋಕಮ್ಮನದು, ಅವಳ ಗೋಡೆಗೆ ಗೋಡೆ ತಾಗಿದ ನಿರ್ಮಲಮ್ಮನದು. ತೊಂಬತ್ತೆರಡರಲ್ಲಿ ಲೋಕಮ್ಮ, ಗಂಡ ಕೆಂಪಪ್ಪ, ಮಗ, ಮೂವರೂ ಸ್ಟುಡಿಯೋಗೆ ಹೊರಟಾಗ ನಿರ್ಮಲಮ್ಮನನ್ನು ಕರೆದಿದ್ದರು. “ಒಲೆ ಮ್ಯಾಲೆ ಸಾರೈತಿ, ಈಗ ಬರಾಕಾಗಲ್ಲ” ಎಂದಿದ್ದಳು ಅವಳು. ಕೆಂಪಪ್ಪನಿಗೆ ಕಾಯುವ ಪುರುಸೊತ್ತಿರಲಿಲ್ಲ. ಮೂವರೇ ನಿಂತರು, ಅವನು ನಡುವೆ. ಎಂಟೇ ತಿಂಗಳಿಗೆ ಸತ್ತ. ಕುಡಿದು ಕುಡಿದೇ ಸತ್ತನೆಂದು ಕೇರಿಗೆಲ್ಲ ಗೊತ್ತು, ಲೋಕಮ್ಮನೆದುರು ಹೇಳುವ ಗಂಡು ಮಾತ್ರ ಹುಟ್ಟಿರಲಿಲ್ಲ. “ನನ್ ಗಂಡನ್ನ ಅವಳ ಸಾರು ತಿಂತು” ಎಂದು ಅವಳು ಬೀದಿಯಲ್ಲಿ ನಿಂತು ಮೂರು ವರ್ಷ ಬೈದಳು.

ತೊಂಬತ್ತೈದರ ಒಂದು ಮಧ್ಯಾಹ್ನ ನಿರ್ಮಲಮ್ಮ, ಗಂಡ ವೀರಬಸಪ್ಪ, ಹನ್ನೆರಡು ವರ್ಷದ ಮಗಳು ಅಶ್ವಿನಿ ಸ್ಟುಡಿಯೋಗೆ ಬಂದರು. ಹುಡುಗಿಯ ಹೃದಯದಲ್ಲಿ ತೂತಿತ್ತು. ಮಣಿಪಾಲದಲ್ಲಿ ಆಪರೇಷನ್, ನಾಲ್ಕೂವರೆಗೆ ಬಸ್ಸು. ಹೋಗುವ ಮೊದಲು ಒಂದು ಫೋಟೋ ಬೇಕೆಂದಳು ನಿರ್ಮಲಮ್ಮ. ಸದಾಶಿವಪ್ಪ ಬಾಗಿಲಿಗೆ ಹೋಗಿ ಕೂಗಿದ. ಕೇರಿಗೆ ಕೇರಿಯೇ ಮದುವೆಗೆಂದು ಬಳ್ಳಿಗಾವಿಗೆ ಹೋಗಿತ್ತು. ಎದುರು ಕಟ್ಟೆಯ ಮೇಲೆ ಅಕ್ಕಿ ಆರಿಸುತ್ತಿದ್ದವಳು ಲೋಕಮ್ಮ ಒಬ್ಬಳೇ.

“ಮೂವರೇ ನಿಲ್ರಿ. ಅದೆಲ್ಲಾ ಬರೀ ಸುಳ್ಳು,” ಎಂದ ಸದಾಶಿವಪ್ಪ.

ಅಶ್ವಿನಿ ನಡುವೆ ನಿಂತಳು. ನಿರ್ಮಲಮ್ಮ ಅವಳನ್ನು ಪಕ್ಕಕ್ಕೆಳೆದು ತಾನು ನಿಂತಳು. “ನೀನ್ ಸತ್ರೆ ನಂಗೆ ತಲೆ ಬಾಚೋರ್ಯಾರು?” ಎಂದು ಹುಡುಗಿ ತಾಯಿಯನ್ನೆಳೆದಳು. ವೀರಬಸಪ್ಪ ನಡುವೆ ತೂರಿಕೊಂಡರೆ ಇಬ್ಬರೂ ಸೇರಿ ಅವನನ್ನು ನೂಕಿದರು. ಸದಾಶಿವಪ್ಪನಿಗೆ ನಗು ಬಂತು. ಥೂ ನನ್ನ ಜನ್ಮಕ್ಕೆ ಎಂದು ಮರುಕ್ಷಣವೇ ನಾಚಿಕೆಯೂ ಆಯಿತು.

ನಿರ್ಮಲಮ್ಮ ಬಿರಬಿರನೆ ಕಟ್ಟೆಯ ಹತ್ತಿರ ಹೋದಳು. “ಅವತ್ತು ನಾನು ಬರ್ಬೇಕಿತ್ತು ಲೋಕಮ್ಮ. ಬರ್ಲಿಲ್ಲ, ತಪ್ಪಾತು. ನನ್ ಮಗಳ ಸಲುವಾಗಿ ಬಾ.”

ಲೋಕಮ್ಮ ಮೊರ ಕೆಳಗಿಟ್ಟು ಎದ್ದು ಬಂದಳು. ಅಶ್ವಿನಿಯ ಹೆಗಲ ಮೇಲೆ ಕೈಯಿಟ್ಟು, ಕ್ಯಾಮೆರಾವನ್ನೇ ನೋಡುತ್ತ ಹೇಳಿದಳು: “ಅವನ್ನ ಕೊಂದಿದ್ದು ನಿನ್ ಸಾರಲ್ಲ ಬಿಡು, ಸಾರಾಯಿ. ನಂಗೇನು ಗೊತ್ತಿರಲಿಲ್ಲೇನು? ಸತ್ತವನ್ನ ಎಷ್ಟಂತ ಬೈಲಿ? ಬೈಯಾಕೆ ಜೀವ ಇರೋರು ಒಬ್ರು ಬೇಕಿತ್ತು.”

“ಹಂಗಾದ್ರೆ ಈಗ ನಾಲ್ಕನೆಯವ್ರು ಯಾಕೆ?” ಎಂದ ವೀರಬಸಪ್ಪ.

“ಬಾಯ್ಮುಚ್ಕೊಂಡು ನಿಲ್ರಿ. ಕೂಸಿನ ವಿಷಯದಾಗೆ ಯಾರಾರ ಪರೀಕ್ಷೆ ಮಾಡ್ತಾರಾ?” ಎಂದಳು ಲೋಕಮ್ಮ.

ಸದಾಶಿವಪ್ಪ ಬಟನ್ ಒತ್ತಿದ. ಯಾತಕ್ಕೂ ಇರಲೆಂದು ಇನ್ನೊಂದು ತೆಗೆದ. ಆಮೇಲೆ ಅಂಗಡಿಗೆ ಬೀಗ ಹಾಕಿ, ಅವರ ಟ್ರಂಕು ಹೊತ್ತು ಬಸ್ ಸ್ಟ್ಯಾಂಡಿಗೆ ನಡೆದ. ಲೋಕಮ್ಮನೂ ಬೈದುಕೊಂಡೇ ಹಿಂದೆ ಬಂದಳು.

ಕಂಡಕ್ಟರ್ ಸೀಟಿ ಊದಿದ. ಕಿಟಕಿಯಲ್ಲಿ ಮೂರು ಮುಖಗಳು ಕಂಡವು, ಹುಡುಗಿಯದು ನಡುವೆ. ಲೋಕಮ್ಮ ಅವನ್ನೇ ಒಂದು ಗಳಿಗೆ ನೋಡಿದಳು.

“ನಮ್ ಹುಡುಗ ಬಂದ್ರೆ ಉಣ್ಣಾಕೆ ಹಾಕಪ್ಪ, ನಾನು ಬರೋದು ತಡ,” ಎಂದು ಸದಾಶಿವಪ್ಪನಿಗೆ ಹೇಳಿ, ಉಟ್ಟ ಸೀರೆಯಲ್ಲೇ ಬಸ್ಸು ಹತ್ತಿದಳು.