ಕೌದಿ ಎತ್ತಿದರೆ ಕಾಣುವ ಕೈ

ಹೊತ್ತು ಇನ್ನೂ ಮೂಡಿಲ್ಲ. ಮುದ್ದೇಬಿಹಾಳದ ಮದುವೆ ಮನೆಯೊಂದರ ತಲಬಾಗಿಲಲ್ಲಿ ಪೇಂಟರ್ ರಾಚಪ್ಪ ಸ್ಟೂಲ್ ಹತ್ತಿ ನಿಂತಿದ್ದಾರೆ. ಕೈಯಲ್ಲಿ ಒಂದು ಬ್ರಷ್, ಬಾಯಲ್ಲಿ ಇನ್ನೊಂದು. ಎಡಗಡೆ ಆನೆ ಮುಗಿದಿದೆ. ಬಲಗಡೆ ಆರತಿ ಹಿಡಿದ ಹೆಂಗಸು ಬರಬೇಕು. ಇಂಡಿ, ಸಿಂದಗಿ, ಬಾಗೇವಾಡಿ ಕಡೆಯ ಮದುವೆ ಗೋಡೆಗಳಲ್ಲೆಲ್ಲ ಆಕೆ ಇದ್ದೇ ಇರುತ್ತಾಳೆ, ಹಣೆ ತುಂಬ ಕುಂಕುಮ, ಕೈ ತುಂಬ ಬಳೆ.

ಬೆಳಕು ಹರಿದಾಗ ನೋಡಿದರೆ ಅಲ್ಲಿರುವುದೇ ಬೇರೆ! ಚಿತ್ರದಲ್ಲಿ ಅಡುಗೆಮನೆಯ ಬಾಗಿಲ ಮರೆಯಿಂದ ಬಳೆಯಿಲ್ಲದ ಒಂದು ಬೋಳು ಕೈ ಹೋಳಿಗೆ ಹಿಡಿದು ಚಾಚಿದೆ. ನೆಂಟರು ಒಂದು ಕೈಯಲ್ಲಿ ಹೋಳಿಗೆ ತಿನ್ನುತ್ತಾ ಇನ್ನೊಂದು ಕೈಯಲ್ಲಿ ಆ ಬಾಗಿಲನ್ನು ದೂಡಿ ಮುಚ್ಚುತ್ತಿದ್ದಾರೆ.

ಮದುಮಗ ಶ್ರೀಶೈಲನ ತಾಯಿ ಹೊನ್ನವ್ವ ಗಂಡನನ್ನು ಕಳೆದುಕೊಂಡವರು. ಇವತ್ತು ಮಗನಿಗೆ ಅರಿಶಿಣ ಹಚ್ಚುವ ಶಾಸ್ತ್ರ, ಅವರು ಮುಟ್ಟುವಂತಿಲ್ಲ. ಊರಿಗೆಲ್ಲ ಅಡುಗೆ ಮಾಡಬಹುದು. ಹೆತ್ತ ಕೈ ಅಪಶಕುನವಂತೆ! ಹೇಳುವ ಬಾಯಿಗೆ ಹೋಳಿಗೆ ಮಾತ್ರ ಅದೇ ಕೈಯದು ಬೇಕು.

ರಾಚಪ್ಪ ಈ ವ್ಯಂಗ್ಯಚಿತ್ರದ ವಿದ್ಯೆ ಕಲಿತದ್ದು ಅಬ್ದುಲಗನಿಯವರ ರದ್ದಿ ಅಂಗಡಿಯಲ್ಲಿ. ಬೋರ್ಡ್ ಬರೆಯಲು ಹೋದವರಿಗೆ ಫ್ರಾನ್ಸಿನ ಹಳೆಯ ವ್ಯಂಗ್ಯಪತ್ರಿಕೆಗಳ ಕಟ್ಟು ಸಿಕ್ಕಿತು.

“ಓದಾಕ ಒಂದಕ್ಷರ ಬರಲಿಲ್ರಿ. ಒಂದ್ ಚಿತ್ರದಾಗ ಗಂಡಾ ಹೆಂಡ್ತಿ ಮಲಗ್ಯಾರ, ನಡುವ ಬೀಗರು ಕುಂತು ಊಟಾ ಹೊಡ್ಯಾಕತ್ತಾರ! ಹೊಟ್ಟಿ ಹಿಡ್ಕೊಂಡು ನಕ್ಕೆ. ಆಮ್ಯಾಲ ಅನಿಸ್ತು, ಅಲ್ಲಲೇ, ಇದು ನಮ್ಮ ಓಣಿದ ಐತಿ!”

ಅಂದಿನಿಂದ ಅಬ್ದುಲಗನಿಯವರ ಅಂಗಡಿ ಗೋಡೆಯೇ ರಾಚಪ್ಪನವರ ಪತ್ರಿಕೆ. ವರದಕ್ಷಿಣೆ, ಜಾತಿ, ಹೆಣ್ಣು ನೋಡುವ ನಾಟಕ, ಯಾವುದನ್ನೂ ಬಿಟ್ಟಿಲ್ಲ. ಆದರೆ ಅನ್ನ ಕೊಡುವ ಮದುವೆ ಗೋಡೆಯನ್ನು ಮಾತ್ರ ಮುಟ್ಟಿರಲಿಲ್ಲ. ನಿನ್ನೆ ಸಂಜೆ ಚಹಾ ಕೊಡುತ್ತಾ ಹೊನ್ನವ್ವ ಅಂದರಂತೆ: “ಆರತಿ ಹಿಡದಾಕಿನ್ನ ಚಂದಾಗಿ ಬರಿಯಪ್ಪಾ. ನಾ ಅಂತೂ ಹೊರಗ ಬರೂದಿಲ್ಲ.”

ಮದುಮಗನ ದೊಡ್ಡಪ್ಪ ಶಂಕರೆಪ್ಪ ಹೊರಗೆ ಬಂದವರೇ ಕೆಂಡವಾಗುತ್ತಾರೆ. “ಏ ರಾಚ್ಯಾ! ಇದೇನ್ ಮಂಗ್ಯಾನ ಕೆಲಸಾ? ಅಳಸು!”

“ಬಣ್ಣ ಹಸಿ ಐತ್ರಿ ಸಾವಕಾರ್ರ. ಅಳಿಸಿದ್ರ ಗ್ವಾಡಿ ಎಲ್ಲಾ ರಾಡಿ ಆಗತೈತಿ.”

“ಇನ್ಮ್ಯಾಲೆ ಯಾರ ಲಗ್ನದಾಗ ಬ್ರಷ್ ಹಿಡೀತೀಯೋ ನೋಡ್ತೇನಿ!”

ಶಂಕರೆಪ್ಪ ಚಿತ್ರದ ಮುಂದೆ ಗಳ ಕಟ್ಟಿಸಿ, ಹಳೆ ಸೀರೆಗಳನ್ನು ಸೇರಿಸಿ ಹೊಲಿದ ಕೌದಿ ಇಳಿಬಿಡಿಸುತ್ತಾರೆ. ಕೆಟ್ಟದ್ದೇ ಅಲ್ಲಿ! ಬಂದ ನೆಂಟರೆಲ್ಲ ಆನೆಯನ್ನು ಬಿಟ್ಟು ಕೌದಿ ಎತ್ತುತ್ತಾರೆ. “ಅಯ್ಯ, ಬಾಗಲಾ ದೂಡಾವನ ಈ ಮೀಸಿ ನಮ್ಮ ಮಾವಂದ ಅಲ್ಲೇನ ಬೇ?” ಶಂಕರೆಪ್ಪ ಅದರ ಮುಂದೆ ಕುರ್ಚಿ ಹಾಕಿ ಕೂತರೆ, ಅವರ ಬೆನ್ನ ಹಿಂದಿನಿಂದಲೇ ಇಣುಕುತ್ತಾರೆ.

ಕೊನೆಗೆ ಮದುಮಗನೇ ಬರುತ್ತಾನೆ, ಮೈಯೆಲ್ಲ ಅರಿಶಿಣ. ಕೌದಿ ಎತ್ತುತ್ತಾನೆ. ನಗುವುದಿಲ್ಲ. ಚಿತ್ರದ ಕೈಯ ಮಣಿಕಟ್ಟಿನಲ್ಲಿ ರೊಟ್ಟಿ ಹಂಚು ಸುಟ್ಟ ಕಲೆ ಇದೆ. ಆ ಕಲೆ ಅವನಿಗೆ ಗೊತ್ತು. ಅರಿಶಿಣದ ಬಟ್ಟಲು ಎತ್ತಿಕೊಂಡು ಸೀದಾ ಅಡುಗೆಮನೆಗೆ ನಡೆಯುತ್ತಾನೆ.

“ಯವ್ವಾ, ಕೈ ಕೊಡು.”

“ಬ್ಯಾಡೋ ಮಗನ, ಮಂದಿ ಅದಾರ.”

“ಇರಲಿ. ನೋಡಲಿ.”

ಹೂರಣ ಹತ್ತಿದ ಆ ಕೈಯನ್ನು ಬಟ್ಟಲಲ್ಲಿ ಅದ್ದಿ ತನ್ನ ಕೆನ್ನೆಗೆ ಒತ್ತಿಕೊಳ್ಳುತ್ತಾನೆ. ಅಂಗಳದಲ್ಲಿ ಮುದುಕಿಯೊಬ್ಬಳು ಸೋಬಾನೆ ಎತ್ತುತ್ತಾಳೆ, ಉಳಿದವರು ದನಿಗೂಡಿಸುತ್ತಾರೆ.

ಶಂಕರೆಪ್ಪ ಇನ್ನೂ ಮುಖ ಗಂಟಿಕ್ಕಿಕೊಂಡೇ ಇದ್ದಾರೆ. ನಾಳೆ ಕೆಲಸ ಸಿಗದಿದ್ದರೆ? ರಾಚಪ್ಪ ಬ್ರಷ್ ತೊಳೆಯುತ್ತಾ ನಗುತ್ತಾರೆ.

“ಮುಚ್ಚವ್ರು ಮುಚ್ಚಲಿ ಬಿಡ್ರಿ. ಆ ಕೌದಿ ಹೊಲಿದ ಕೈನೂ ಹೊನ್ನವ್ವಕ್ಕಂದ ಐತಿ.”