ಅಪ್ಪನ ಸಾಕ್ಷಿ

ಅರಸೀಕೆರೆಯ ನಮ್ಮ ಚರ್ಚಿನಲ್ಲಿ ಡಿಸೆಂಬರಿನ ಕೊನೆಯ ಭಾನುವಾರ ಸಾಕ್ಷಿ ಹೇಳುವ ದಿನ. ಸಾಕ್ಷಿ ಎಂದರೆ ಕೋರ್ಟಿನದಲ್ಲ. ಆ ವರ್ಷ ದೇವರು ತಮ್ಮ ಮನೆಗೆ ಏನೇನು ಆಶೀರ್ವಾದ ಕೊಟ್ಟ ಎಂಬುದನ್ನು ಪ್ರತಿ ಮನೆಯಿಂದ ಒಬ್ಬರು ಎದ್ದು ನಿಂತು ಸಭೆಯ ಮುಂದೆ ಹೇಳಬೇಕು. ಕೊನೆಗೆ ‘ಕರ್ತನಿಗೆ ಸ್ತೋತ್ರ’ ಎನ್ನಬೇಕು, ಉಳಿದವರೆಲ್ಲ ‘ಆಮೆನ್’ ಎನ್ನಬೇಕು. ವರ್ಷದಲ್ಲಿ ನಾನು ತೂಕಡಿಸದೆ ಕೂರುತ್ತಿದ್ದ ಆರಾಧನೆ ಅದೊಂದೇ. ಎಲ್ಲರ ಮನೆಯ ಸುದ್ದಿಯನ್ನೂ ಒಂದೇ ಕಡೆ ಕೂತು ಕೇಳಬಹುದಿತ್ತು, ಅದೂ ಭಕ್ತಿಯ ಹೆಸರಿನಲ್ಲಿ.

ತೊಂಬತ್ತರ ದಶಕದ ಆಶೀರ್ವಾದಗಳಿಗೆ ಒಂದು ಕ್ರಮವಿತ್ತು. ಮೊದಲು ಗ್ಯಾಸ್ ಸಿಲಿಂಡರು, ಆಮೇಲೆ ಕಲರ್ ಟಿವಿ. ಫೋನ್ ಬಂದ ಮನೆಯವರು ತಾವು ಎಷ್ಟು ವರ್ಷ ಕಾದೆವೆಂದು ವರ್ಣಿಸುವಾಗ ಬೈಬಲಿನ ಮರುಭೂಮಿಯಲ್ಲಿ ನಲವತ್ತು ವರ್ಷ ಅಲೆದವರ ಧ್ವನಿ ಬರುತ್ತಿತ್ತು. ಒಬ್ಬ ಮೇಷ್ಟರು ಬಿಕ್ಕೋಡಿನಿಂದ ಹಳೇಬೀಡಿಗೆ ವರ್ಗವಾದದ್ದಕ್ಕೆ ಒಂದು ವರ್ಷ ಸ್ತೋತ್ರ ಹೇಳಿದರು, ಮಾರನೆಯ ವರ್ಷ ಹಳೇಬೀಡಿನಿಂದ ಬಿಡಿಸಿದ್ದಕ್ಕೂ ಸ್ತೋತ್ರ ಹೇಳಿದರು. ನಾವು ಎರಡಕ್ಕೂ ಆಮೆನ್ ಎಂದೆವು.

ಅಪ್ಪ ರೈಲ್ವೆ ಸ್ಟೇಷನ್ನಿನ ಪಾರ್ಸೆಲ್ ಆಫೀಸಿನಲ್ಲಿ ಗುಮಾಸ್ತ. ಮಾತು ಕಡಿಮೆ. ‘ವರ್ಷವೆಲ್ಲ ಕಾಪಾಡಿದ್ದಕ್ಕೆ ಕರ್ತನಿಗೆ ಸ್ತೋತ್ರ’ ಎಂದು ಒಂದೇ ಉಸಿರಿಗೆ ಹೇಳಿ, ಆಮೆನ್ ಬರುವಷ್ಟರಲ್ಲಿ ಕೂತುಬಿಡುತ್ತಿದ್ದ. ಅಮ್ಮನಿಗೆ ಇದರಿಂದ ತಲೆ ತಗ್ಗಿಸುವಂತಾಗುತ್ತಿತ್ತು.

“ರೀ, ಫ್ಯಾನ್ ಹಾಕಿಸಿದ್ವಲ್ಲ, ಅದನ್ನಾದ್ರೂ ಹೇಳ್ಬಾರ್ದಿತ್ತಾ?” ಎಂದು ಮನೆಗೆ ಬಂದ ಮೇಲೆ ತರಾಟೆಗೆ ತೆಗೆದುಕೊಳ್ಳುವಳು.

“ಫ್ಯಾನಿಗೆಲ್ಲ ದೇವ್ರನ್ನ ಎಳೀಬಾರ್ದು ಕಣೇ,” ಎಂದು ಅಪ್ಪ ಅದೇ ಫ್ಯಾನಿನ ಕೆಳಗೆ ಮಲಗುವನು.

ಹೀಗಿರುವಾಗ ನಾನು ಎಸ್ಸೆಸ್ಸೆಲ್ಸಿಯಲ್ಲಿ ಫೇಲಾದೆ. ಲೆಕ್ಕದಲ್ಲಿ. ಮಿಕ್ಕ ವಿಷಯಗಳೆಲ್ಲ ಪಾಸಾಗಿದ್ದವು, ಆದರೆ ಫೇಲಾದವಳನ್ನು ಮಿಕ್ಕ ವಿಷಯಗಳ ಬಗ್ಗೆ ಯಾರೂ ವಿಚಾರಿಸುವುದಿಲ್ಲ. ಮೇ ತಿಂಗಳ ಒಂದು ಬೆಳಿಗ್ಗೆ ಸ್ಕೂಲಿನ ಬೋರ್ಡಿನಲ್ಲಿ ರಿಸಲ್ಟ್ ನೋಡಿದವಳು ನೇರವಾಗಿ ಮನೆಗೆ ಬಂದೆ. ಅಮ್ಮ ಪಕ್ಕದ ಕ್ವಾರ್ಟರ್ಸಿನಲ್ಲಿ ಹಪ್ಪಳ ಒತ್ತಲು ಹೋಗಿದ್ದಳು. ಒಂದು ಬಟ್ಟೆಯ ಚೀಲಕ್ಕೆ ಎರಡು ಚೂಡಿದಾರ್, ಹಲ್ಲುಜ್ಜುವ ಬ್ರಷ್ಷು, ಡಬ್ಬಿಯಲ್ಲಿದ್ದ ಕೋಡುಬಳೆ ಹಾಕಿಕೊಂಡು ಓಡಿಹೋಗಲು ಹೊರಟೆ.

ಹುಬ್ಬಳ್ಳಿಗೆ ಹೋಗುವುದೆಂದು ತೀರ್ಮಾನಿಸಿದ್ದೆ. ಅಲ್ಲಿ ನಮಗೆ ಗೊತ್ತಿದ್ದವರು ಒಬ್ಬರೂ ಇರಲಿಲ್ಲ, ಅದೇ ಅದರ ಅನುಕೂಲ. ಅಲ್ಲಿಗೆ ಹೋಗಿ ಏನು ಮಾಡುತ್ತೇನೆ ಎಂಬುದು ಮಾತ್ರ ನನಗೆ ಗೊತ್ತಿರಲಿಲ್ಲ. ಬುದ್ಧಿ ಇದ್ದವರು ಯಾರಾದರೂ ಬಸ್ ಸ್ಟ್ಯಾಂಡಿಗೆ ಹೋಗುತ್ತಿದ್ದರು. ಆದರೆ ರೈಲ್ವೆಯವರ ಮನೆಯಲ್ಲಿ ಹುಟ್ಟಿದವರಿಗೆ ಪ್ರಯಾಣ ಎಂದರೆ ಬಸ್ಸು ನೆನಪಿಗೇ ಬರುವುದಿಲ್ಲ. ಅಪ್ಪನಿಂದ ತಪ್ಪಿಸಿಕೊಂಡು ಹೋಗಲು ನಾನು ಅಪ್ಪ ಕೆಲಸ ಮಾಡುವ ಸ್ಟೇಷನ್ನಿಗೇ ಹೋದೆ.

ಪ್ಲಾಟ್‌ಫಾರಂನಲ್ಲಿ ಐದು ನಿಮಿಷವೂ ನಿಂತಿರಲಿಲ್ಲ. ಹಿಂದಿನಿಂದ ಅಪ್ಪನ ದನಿ ಬಂತು.

“ಏನಮ್ಮಾ ಇಲ್ಲಿ?”

“ರಿಸಲ್ಟ್ ಹೇಳೋಕೆ ಬಂದೆ. ಲೆಕ್ಕದಲ್ಲಿ ಹೋಯ್ತು,” ಎಂದೆ. ಎರಡನೆಯ ಮಾತಾದರೂ ನಿಜವಾಗಿತ್ತು.

ಅಪ್ಪ ಚೀಲದ ಕಡೆ ನೋಡಿದ.

“ಇಸ್ತ್ರಿಗೆ,” ಎಂದೆ.

“ಕೊಡು, ನಾನೇ ಕೊಡ್ತೀನಿ,” ಎಂದು ಚೀಲ ತೆಗೆದುಕೊಂಡ. ಪಾರ್ಸೆಲ್ ಆಫೀಸಿನ ಒಳಗೆ ಕೊಬ್ಬರಿ ಮೂಟೆಯ ಮೇಲೆ ಕೂರಿಸಿ ಇಡ್ಲಿ ವಡೆ ತರಿಸಿಕೊಟ್ಟ. ಫೇಲಾದದ್ದಕ್ಕೆ ಒಂದು ಮಾತು ಬೈಯಲಿಲ್ಲ. ಹುಬ್ಬಳ್ಳಿ ಗಾಡಿ ಬಂತು, ನಿಂತಿತು, ಹೋಯಿತು. ನಾನು ಚಟ್ನಿಯಲ್ಲಿ ವಡೆ ಅದ್ದಿಕೊಂಡು ತಿಂದೆ. ಅಷ್ಟು ಹಸಿವಾಗಿತ್ತು. ಆಮೇಲೆ ಅಪ್ಪ ಒಂದು ಗಂಟೆ ರಜೆ ಕೇಳಿಕೊಂಡು ಬಂದು ನನ್ನನ್ನು ಮನೆಗೆ ಬಿಟ್ಟು ಹೋದ. ಮಾರನೆಯ ದಿನ ಎರಡೂ ಚೂಡಿದಾರ್ ಇಸ್ತ್ರಿಯಾಗಿ ಬಂದವು. ನನ್ನ ಸುಳ್ಳನ್ನು ಪೂರ್ತಿ ನಂಬಿದ್ದಾನೆ ಎಂದು ಸಮಾಧಾನವಾಯಿತು, ಪಾಪ ಎಂದೂ ಅನ್ನಿಸಿತು.

ಸೆಪ್ಟೆಂಬರಿನಲ್ಲಿ ಮತ್ತೆ ಪರೀಕ್ಷೆಗೆ ಕೂತೆ, ಮತ್ತೆ ಹೋಯಿತು. ಅಷ್ಟು ಹೊತ್ತಿಗೆ ಡಿಸೆಂಬರ್ ಬಂತು. ಸಾಕ್ಷಿ ಭಾನುವಾರಕ್ಕೆ ಬೇಲೂರಿನಿಂದ ಅಪ್ಪನ ತಂಗಿ, ನಮ್ಮತ್ತೆ, ಮಗಳನ್ನು ಕರೆದುಕೊಂಡು ಬಂದಳು. ಆ ಮಗಳೂ ನನ್ನ ಜೊತೆಯವಳೇ, ಅದೇ ಪರೀಕ್ಷೆಯಲ್ಲಿ ಫಸ್ಟ್ ಕ್ಲಾಸಿನಲ್ಲಿ ಪಾಸಾಗಿ ಹಾಸನದ ಹಾಸ್ಟೆಲ್ಲಿನಲ್ಲಿ ಇದ್ದು ಪಿಯುಸಿ ಓದುತ್ತಿದ್ದಳು. ಹಾಗಾಗಿ ಅತ್ತೆಯ ಸಾಕ್ಷಿ ಏನೆಂದು ಊಹಿಸಲು ಪ್ರವಾದಿಯೇ ಆಗಬೇಕಿರಲಿಲ್ಲ. ನನ್ನ ಭಯವೆಲ್ಲ ಅಪ್ಪನ ಸಾಕ್ಷಿಯದು. ಪ್ರತಿ ವರ್ಷದ ಒಂದು ಸಾಲು ಹೇಳಿ ಕೂತುಬಿಟ್ಟರೆ ಸಾಕಿತ್ತು. ಆದರೆ ಅಮ್ಮ ಹಿಂದಿನ ದಿನದಿಂದಲೇ ಹಿಂದೆ ಬಿದ್ದಿದ್ದಳು.

“ಈ ಸಲನಾದ್ರೂ ನಾಲ್ಕು ಮಾತು ಜಾಸ್ತಿ ಹೇಳ್ರೀ. ನಾದಿನಿ ಎದುರಿಗೆ ನನ್ ಮಾನ ಕಳೀಬೇಡಿ.”

ಬೆಳಿಗ್ಗೆ ಅಪ್ಪ ಶೂ ಹಾಕಿಕೊಳ್ಳುವಾಗ ನಾನು ಹತ್ತಿರ ಹೋಗಿ ಕೂತೆ. “ಅಪ್ಪಾ, ನನ್ ವಿಷ್ಯ ಏನೂ ಹೇಳ್ಬೇಡಪ್ಪಾ. ದಮ್ಮಯ್ಯ.”

ಅಪ್ಪ ಲೇಸು ಕಟ್ಟುತ್ತಲೇ, “ಹೇಳ್ಬೇಕಾದ್ದನ್ನ ಹೇಳ್ಬೇಕಲ್ಲಮ್ಮಾ,” ಎಂದ.

ಅತ್ತೆ ಎದ್ದು ನಿಂತವಳು ಮಗಳ ಫಸ್ಟ್ ಕ್ಲಾಸು, ಹಾಸ್ಟೆಲ್ ಸೀಟು, ಬೇಲೂರಿನಲ್ಲಿ ಹಾಕಿಸಿದ ಹೊಸ ಬೋರ್‌ವೆಲ್ಲು, ಅದರಲ್ಲಿ ಬಂದ ಸಿಹಿನೀರು ಎಲ್ಲವನ್ನೂ ಹೇಳಿ ಮುಗಿಸುವಷ್ಟರಲ್ಲಿ ಆರಾಧನೆ ನಡೆಸುವ ಪಾದ್ರಿ ಅಯ್ಯನವರು ಎರಡು ಸಲ ಗಡಿಯಾರ ನೋಡಿದರು. ಆಮೆನ್ ಜೋರಾಗಿಯೇ ಬಂತು. ನಮ್ಮ ಚರ್ಚಿನಲ್ಲಿ ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ಆ ಕಡೆಯ ಸಾಲಿನಲ್ಲಿ ಅಪ್ಪ ಎದ್ದ. ನಾನು ತಲೆ ತಗ್ಗಿಸಿ ಸೆರಗಿನಂತೆ ಹೊದ್ದ ದುಪಟ್ಟಾದ ಒಳಗೇ ಸೇರಿಕೊಂಡೆ.

“ನನ್ ಮಗಳು ಈ ವರ್ಷ ಎಸ್ಸೆಸ್ಸೆಲ್ಸಿ ಫೇಲಾದ್ಲು,” ಎಂದ.

ಕೆಮ್ಮುತ್ತಿದ್ದವರೂ ಕೆಮ್ಮು ನಿಲ್ಲಿಸಿದರು. ಅಮ್ಮ ನನ್ನ ಮಣಿಕಟ್ಟನ್ನು ಹಿಡಿದುಕೊಂಡಳು.

“ಮನೇಲಿದ್ದಾಳೆ.” ಅಷ್ಟಕ್ಕೇ ಮುಗಿಯಿತೇನೋ ಎಂದುಕೊಂಡರೆ, ಅಪ್ಪ ಮತ್ತೆ ಅದನ್ನೇ ಹೇಳಿದ. “ಮನೇಲಿದ್ದಾಳೆ. ಅದಕ್ಕೆ ಕರ್ತನಿಗೆ ಸ್ತೋತ್ರ.”

‘ಫೇಲಾಗಿ ಮನೇಲಿದ್ದಾಳೆ’ ಎಂಬುದು ನಮ್ಮ ಕಡೆ ತುಟಿ ಸೊಟ್ಟ ಮಾಡಿಕೊಂಡು ಆಡುವ ಮಾತು. ಅದಕ್ಕೆ ಸ್ತೋತ್ರ ಹೇಳಿದವರನ್ನು ಅಲ್ಲಿ ಯಾರೂ ಕಂಡಿರಲಿಲ್ಲ. ಆಮೆನ್ ಹೇಳಬೇಕೋ ಬೇಡವೋ ಎಂದು ಜನ ಒಬ್ಬರ ಮುಖ ಒಬ್ಬರು ನೋಡಿದರು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಅತ್ತೆ ಅಮ್ಮನ ಕಡೆ ಬಾಗಿ, “ಅಣ್ಣಂಗೆ ಹುಷಾರಿಲ್ವಾ ಅತ್ಗೆ?” ಎಂದಳು.

ನನಗೆ ಮಾತ್ರ ಅರ್ಥವಾಯಿತು. ಅಪ್ಪನಿಗೆ ಅವತ್ತು ಪ್ಲಾಟ್‌ಫಾರಂನಲ್ಲೇ ಎಲ್ಲ ಗೊತ್ತಾಗಿತ್ತು. ಮೇ ತಿಂಗಳಿನಿಂದ ಅಪ್ಪ ಡ್ಯೂಟಿಯ ನಡುವೆ, ಹುಬ್ಬಳ್ಳಿ ಗಾಡಿ ಬರುವ ಹೊತ್ತಿಗೆ ಸರಿಯಾಗಿ, ಮನೆಗೆ ಬಂದು ಬಾಗಿಲಲ್ಲಿ ನಿಂತು ಒಂದು ಲೋಟ ನೀರು ಕೇಳುವುದನ್ನು ರೂಢಿ ಮಾಡಿಕೊಂಡಿದ್ದ. ಅಮ್ಮ ತಂದುಕೊಟ್ಟರೆ “ಮಗು ಎಲ್ಲಿ?” ಎನ್ನುತ್ತಿದ್ದ. ನಾನು ಹೊರಗೆ ಬಂದರೆ ನೀರು ಕುಡಿದು ಹೋಗುತ್ತಿದ್ದ. ಬಿಸಿಲಿಗೆ ಬಾಯಾರಿಕೆ ಎಂದುಕೊಂಡಿದ್ದೆ. ಮಳೆಗಾಲದಲ್ಲೂ ಬಂದ, ಚಳಿಯಲ್ಲೂ ಬಂದ. ಸ್ಟೇಷನ್ನಿನ ತುಂಬ ನಲ್ಲಿಗಳಿರುವಾಗ ಈ ಮನುಷ್ಯ ನೀರು ಕುಡಿಯಲು ಕ್ವಾರ್ಟರ್ಸಿನವರೆಗೆ ಯಾಕೆ ನಡೆದು ಬರುತ್ತಾನೆ ಎಂದು ನಾನು ಒಂದು ದಿನವೂ ಲೆಕ್ಕ ಹಾಕಿರಲಿಲ್ಲ. ಲೆಕ್ಕದಲ್ಲಿ ಫೇಲಾದವಳು ತಾನೇ.

ಏಳು ತಿಂಗಳು ಅಪ್ಪ ದಿನವೂ ಹೆದರಿಕೊಂಡು ಮನೆಗೆ ಬಂದಿದ್ದ. ದಿನವೂ ನಾನಿದ್ದೆ. ಅವನಿಗೆ ದೇವರು ಕೊಟ್ಟ ಆಶೀರ್ವಾದ ಅದು, ದಿನಕ್ಕೊಂದು. ಅದನ್ನು ಬಾಯಿಬಿಟ್ಟು ಹೇಳಲು ವರ್ಷದ ಕೊನೆಯವರೆಗೂ ಕಾದಿದ್ದ, ನನ್ನ ಗುಟ್ಟನ್ನು ಒಂದಿಷ್ಟೂ ಬಿಟ್ಟುಕೊಡದೆ.

ಅಳು ತಡೆಯಲಾಗಲಿಲ್ಲ. ಅಮ್ಮನ ಕೈ ಬಿಡಿಸಿಕೊಂಡು ಎದ್ದೆ. ಎಲ್ಲರೂ ನೋಡುತ್ತಿರುವಂತೆಯೇ ನಡುವಿನ ದಾರಿಯನ್ನು ದಾಟಿ ಗಂಡಸರ ಕಡೆಗೆ ಹೋಗಿ ಅಪ್ಪನ ಬೆಂಚಿನ ತುದಿಯಲ್ಲಿ ನಿಂತೆ. ಅಪ್ಪ ನನ್ನನ್ನು ನೋಡಿದ. ಪಕ್ಕದವರಿಗೆ “ಸ್ವಲ್ಪ ಸರೀರಿ” ಎಂದು ಹೇಳಿ ಜಾಗ ಮಾಡಿಕೊಟ್ಟ.